ಬಿಯರ್ ಪಕ್ಕಕ್ಕಿಡಿ, ಮಿಲ್ವಾಕಿಯ ಒಳಚರಂಡಿ ನೋಡಿ

ಪ್ರಶ್ನೆ: ನಾವು ಮೈಸೂರಿನವರು. ಅಮೆರಿಕದ ಮಿಲ್ವಾಕಿಗೆ ಬಂದು ಎರಡು ವರ್ಷ ಆಯಿತು. ಇಲ್ಲಿ ಪ್ರತಿ ಜುಲೈನಲ್ಲಿ ಕೆರೆ ದಂಡೆಯಲ್ಲಿ ಜರ್ಮನ್ ಫೆಸ್ಟ್ ಅಂತ ದೊಡ್ಡ ಹಬ್ಬ. ಬಿಯರ್, ಸಾಸೇಜ್, ಬ್ಯಾಂಡು, ಚರ್ಮದ ಚಡ್ಡಿ. ಐದನೇ ಕ್ಲಾಸಿನ ಮಗಳಿಗೆ ‘ನಮ್ಮ ಊರಿಗೆ ವಲಸೆ ಬಂದವರ ಕೊಡುಗೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಜರ್ಮನರನ್ನೇ ಆರಿಸಿಕೊಂಡಿದ್ದಾಳೆ. ಹತ್ತು ವರ್ಷದ ಮಗು ಬಿಯರ್ ಬಗ್ಗೆ ಏನಂತ ಬರೆಯಬೇಕು? ಅದು ಬಿಟ್ಟು ಏನಾದರೂ ಇದೆಯಾ? ಇನ್ನೊಂದು ಅನುಮಾನ. ಇಷ್ಟು ಜರ್ಮನರಿದ್ದ ಊರಲ್ಲಿ ಒಬ್ಬರೂ ಜರ್ಮನ್ ಮಾತಾಡಿದ್ದು ಕೇಳಿಲ್ಲ. ಭಾಷೆ ಎಲ್ಲಿ ಹೋಯಿತು?

ಉತ್ತರ: ಮೊದಲು ಮಗಳನ್ನೇ ಒಂದು ಪ್ರಶ್ನೆ ಕೇಳಿ. ಮೈಸೂರಲ್ಲಿ ಎಲ್‌ಕೆಜಿ, ಯುಕೆಜಿ ಓದಿದ್ದಾಳಲ್ಲ, ಆ ‘ಕೆಜಿ’ ಅಂದರೆ ಏನು ಅಂತ. ಕಿಂಡರ್‌ಗಾರ್ಟನ್ ಅಂತ ಹೇಳುತ್ತಾಳೆ. ಅದು ಅಚ್ಚ ಜರ್ಮನ್ ಮಾತು. ಕಿಂಡರ್ ಅಂದರೆ ಮಕ್ಕಳು, ಗಾರ್ಟನ್ ಅಂದರೆ ತೋಟ. ಫ್ರೋಬೆಲ್ ಎಂಬ ಜರ್ಮನ್ ಮೇಷ್ಟ್ರು ಇಟ್ಟ ಹೆಸರು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಅಂತ ಹೇಳುವುದು ಯಾವುದನ್ನು ಗೊತ್ತಾ? ನಿಮ್ಮಲ್ಲಿಂದ ಕಾರಲ್ಲಿ ಸುಮಾರು ಒಂದು ಗಂಟೆ ದೂರದ ವಾಟರ್‌ಟೌನ್‌ನಲ್ಲಿ 1856ರಲ್ಲಿ ಶುರುವಾದದ್ದನ್ನು. ಶುರು ಮಾಡಿದವರು ಮಾರ್ಗರೆಟೆ ಶುರ್ಟ್ಸ್, ಹ್ಯಾಂಬರ್ಗ್‌ನಿಂದ ಬಂದ ಹೆಣ್ಣುಮಗಳು. ಶಾಲೆ ಅಂದರೆ ದೊಡ್ಡ ಮಾತಾಯಿತು. ಅವರ ಮಗಳು, ನೆಂಟರ ಮಕ್ಕಳು, ಎಲ್ಲ ಸೇರಿ ಬೆರಳೆಣಿಕೆಯಷ್ಟು. ಹಾಡು, ಕುಣಿತ, ಮರದ ತುಂಡು ಜೋಡಿಸುವ ಆಟ, ಎಲ್ಲ ಜರ್ಮನ್‌ನಲ್ಲೇ. 1859ರಲ್ಲಿ ಬಾಸ್ಟನ್‌ನಲ್ಲಿ ಎಲಿಜಬೆತ್ ಪೀಬಡಿ ಎಂಬ ಶಿಕ್ಷಕಿ ಈ ತಾಯಿ ಮಗಳನ್ನು ಭೇಟಿಯಾದರು, ಮಗುವಿನ ನಡೆನುಡಿ ನೋಡಿ ಬೆರಗಾದರು, ಮರುವರ್ಷವೇ ಅಲ್ಲಿ ಇಂಗ್ಲಿಷ್ ಕಿಂಡರ್‌ಗಾರ್ಟನ್ ತೆರೆದರು. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಶುರು ಬೇಕಾ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ವಲಸೆಯ ಇತಿಹಾಸ ಓದಿಸುವವನು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹಬ್ಬದಲ್ಲಿ ನೀವು ನೋಡಿದ ಚರ್ಮದ ಚಡ್ಡಿ ಇದೆಯಲ್ಲ, ಅದು ಬವೇರಿಯಾ ಸೀಮೆಯ ಉಡುಪು. ಮಿಲ್ವಾಕಿಗೆ ಬಂದ ಜರ್ಮನರಲ್ಲಿ ಎಷ್ಟೋ ಜನ ಉತ್ತರದ ಪೊಮೆರೇನಿಯಾ, ಮೆಕ್ಲೆನ್‌ಬರ್ಗ್ ಕಡೆಯವರು. ಅವರ ಅಜ್ಜ ಮುತ್ತಜ್ಜ ಯಾರೂ ಆ ಚಡ್ಡಿ ಹಾಕಿದವರಲ್ಲ. ಕರ್ನಾಟಕದವರು ಅಂತ ತೋರಿಸಲು ಬೀದರಿನವರೂ ಮಂಡ್ಯದವರೂ ಕೊಡವರ ಕುಪ್ಯ ತೊಟ್ಟು ನಿಂತ ಹಾಗೆ. ತಪ್ಪು ಅಂತಲ್ಲ, ಹಬ್ಬ ಅಂದರೆ ಹಾಗೇ. ಆದರೆ ಪ್ರಾಜೆಕ್ಟ್‌ಗೆ ಆ ಫೋಟೋ ಅಂಟಿಸಿ ಕೈ ತೊಳೆದುಕೊಂಡರೆ ಅಸಲು ವಿಷಯ ತಪ್ಪಿಹೋಗುತ್ತದೆ.

ಅವರು ಯಾಕೆ ಬಂದರು ಅನ್ನುವುದರಿಂದ ಶುರು ಮಾಡಬೇಕು. 1839ರಲ್ಲಿ ಮೊದಲ ದೊಡ್ಡ ಗುಂಪು ಬಂತು, ಪೊಮೆರೇನಿಯಾದ ಹಳೇ ಲೂಥರನ್ನರು, ಅಂದರೆ ಲೂಥರ್ ಪಂಥದ ಹಳೇ ಪದ್ಧತಿ ಬಿಡದ ಕ್ರೈಸ್ತರು. ಅವರ ಸೀಮೆಯನ್ನು ಆಳುತ್ತಿದ್ದ ಪ್ರಷ್ಯಾದ ರಾಜ ಎರಡು ಚರ್ಚುಗಳನ್ನು ಸೇರಿಸಿ ಒಂದೇ ಪೂಜಾಪದ್ಧತಿ ಅಂತ ಹೇರಿದ್ದ. ಇವರು ಒಪ್ಪಲಿಲ್ಲ, ಊರು ಬಿಟ್ಟರು. ಮಿಲ್ವಾಕಿಯ ಉತ್ತರಕ್ಕೆ ಫ್ರೈಸ್ಟಾಟ್ ಅಂತ ಹಳ್ಳಿ ಕಟ್ಟಿಕೊಂಡರು. ಹೆಸರಿನ ಅರ್ಥವೇ ಸ್ವತಂತ್ರ ಊರು. ಆಮೇಲೆ 1848ರಲ್ಲಿ ಜರ್ಮನ್ ಸೀಮೆಗಳಲ್ಲಿ ರಾಜರ ವಿರುದ್ಧ ದಂಗೆಯೆದ್ದಿತು, ಸೋತಿತು. ಸೋತವರಲ್ಲಿ ಪತ್ರಕರ್ತರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದ್ದರು. ಜೈಲು ಇಲ್ಲವೇ ಹಡಗು ಅನ್ನುವ ಪರಿಸ್ಥಿತಿ. ಇವರನ್ನೇ ‘ನಲವತ್ತೆಂಟರವರು’ ಅಂತ ಕರೆಯುತ್ತಾರೆ. ಮಾರ್ಗರೆಟೆಯವರ ಗಂಡ ಕಾರ್ಲ್ ಶುರ್ಟ್ಸ್ ಕೂಡ ಅವರಲ್ಲೊಬ್ಬರು. ಮುಂದೆ ಅಮೆರಿಕದ ಸೆನೆಟರ್ ಆದರು, ಸರ್ಕಾರಿ ಜಮೀನು ನೋಡಿಕೊಳ್ಳುವ ಇಂಟೀರಿಯರ್ ಖಾತೆಯ ಮಂತ್ರಿಯೂ ಆದರು. ಆದರೆ ಸಂಖ್ಯೆಯಲ್ಲಿ ಜಾಸ್ತಿ ಬಂದವರು ಇವರು ಯಾರೂ ಅಲ್ಲ. ಜಮೀನು ಬೇಕಾದ ರೈತರು, ಕೂಲಿ ಬೇಕಾದ ಕುಶಲಕರ್ಮಿಗಳು. ಮಿಲ್ವಾಕಿ ಇರುವ ವಿಸ್ಕಾನ್ಸಿನ್ ರಾಜ್ಯಕ್ಕೂ ಜನ ಬೇಕಿತ್ತು. ನ್ಯೂಯಾರ್ಕ್ ಬಂದರಿನಲ್ಲೇ ತನ್ನ ಅಧಿಕಾರಿಯನ್ನು ಕೂರಿಸಿ ಹಡಗಿಂದ ಇಳಿದವರನ್ನು ಕರೆಯುತ್ತಿತ್ತು. ಪೌರತ್ವಕ್ಕೆ ಅರ್ಜಿ ಹಾಕಿ ಒಂದು ವರ್ಷ ನೆಲೆಸಿದ ಗಂಡಸಿಗೆ ಓಟು ಕೊಡುತ್ತಿತ್ತು. ಈಗಿನ ವೀಸಾ ಸಾಲಿನಲ್ಲಿ ನಿಂತಿರುವ ನಿಮಗೆ ಇದು ಹೊಟ್ಟೆಕಿಚ್ಚಿನ ವಿಷಯವೇ, ಗೊತ್ತು.

ಇಲ್ಲೊಂದು ನಮ್ಮ ಕಡೆಯ ಕೊಂಡಿ ಇದೆ, ಸುಮ್ನೆ ಹೇಳುತ್ತೇನೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅದೇ ದಶಕದಲ್ಲಿ ಅದೇ ಸೀಮೆಯಿಂದ ಫ್ರೆಡರಿಕ್ ವೋಗೆಲ್ ಎಂಬ ಚರ್ಮ ಹದ ಮಾಡುವವರು ಮಿಲ್ವಾಕಿಗೆ ಬಂದು, ಗ್ವೀಡೋ ಫಿಸ್ಟರ್ ಜೊತೆ ಸೇರಿ ದೊಡ್ಡ ಕಾರ್ಖಾನೆ ಕಟ್ಟಿದರು. ಒಂದೇ ಸೀಮೆಯ ಒಬ್ಬರು ಕನ್ನಡದ ಮೊದಲ ಪತ್ರಿಕೆ ಮಾಡಿದರು, ಇನ್ನೊಬ್ಬರು ಮಿಲ್ವಾಕಿಯ ಚರ್ಮದ ವ್ಯಾಪಾರ ಬೆಳೆಸಿದರು. ಊರ ನಡುವೆ ನಿಂತಿರುವ ಫಿಸ್ಟರ್ ಹೋಟೆಲ್ ಆ ಪಾಲುದಾರರ ಮನೆತನ ಕಟ್ಟಿಸಿದ್ದೇ.

ಸರಿ, ಕೊಡುಗೆ. ನನ್ನ ಪ್ರಕಾರ ಮೊದಲು ತೋರಿಸಬೇಕಾದದ್ದು ಟರ್ನರ್ ಹಾಲ್. ಈಗಿನ ಬ್ಯಾಸ್ಕೆಟ್‌ಬಾಲ್ ಅರೀನಾ ಹತ್ತಿರವೇ ಇದೆ, 1882ರ ಕಟ್ಟಡ. ಟರ್ನರ್ ಅಂದರೆ ಜರ್ಮನ್‌ನಲ್ಲಿ ವ್ಯಾಯಾಮ ಮಾಡುವವರು. ಮೈಸೂರಿನವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ, ಗರಡಿ ಮನೆ. ಆದರೆ ಮಟ್ಟಿ ಕೆದರಿ ಸಾಮು ಮಾಡಿ ಮನೆಗೆ ಹೋಗುವ ಗರಡಿ ಅಲ್ಲ. ಸಂಜೆ ಮೈ ದಣಿಸಿ, ಆಮೇಲೆ ಅಲ್ಲೇ ಕೂತು ಪುಸ್ತಕ ಓದಿ, ಭಾಷಣ ಕೇಳಿ, ಗುಲಾಮಗಿರಿ ಸರಿಯೇ ತಪ್ಪೇ ಅಂತ ಜಗಳ ಆಡಿ, ಕೊನೆಗೆ ಹಾಡು ಹಾಡಿ ಎದ್ದು ಬರುವ ಜಾಗ. ಗರಡಿ, ಲೈಬ್ರರಿ, ಸಭಾಭವನ ಮೂರೂ ಒಂದೇ ಸೂರಿನಡಿ. 1853ರಿಂದ ಮಿಲ್ವಾಕಿಯಲ್ಲಿ ಈ ಸಂಘ ಇದೆ. ಗುಲಾಮಗಿರಿಯ ಕಾರಣಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂದಾಗ ಈ ಹುಡುಗರು ಉತ್ತರದ ಸೇನೆಗೆ ಸೇರಿದರು. ವಿಸ್ಕಾನ್ಸಿನ್‌ನ 26ನೇ ದಳ ಹೆಚ್ಚೂಕಡಿಮೆ ಪೂರಾ ಜರ್ಮನರದ್ದೇ, ಆ ಯುದ್ಧದ ದೊಡ್ಡ ಕದನ ನಡೆದ ಗೆಟಿಸ್‌ಬರ್ಗ್‌ನಲ್ಲೂ ಹೋರಾಡಿತು. ಮಗಳ ಶಾಲೆಯಲ್ಲಿ ಪಿಟಿ ಪೀರಿಯಡ್ ಇದೆಯಲ್ಲ, ವ್ಯಾಯಾಮವನ್ನು ಅಮೆರಿಕದ ಶಾಲೆಯೊಳಗೆ ತರಲು ಹಟ ಹಿಡಿದವರಲ್ಲಿ ಟರ್ನರ್‌ಗಳು ಮುಂದಿದ್ದರು.

ಶಾಲೆ ವಿಷಯ ಬಂತಲ್ಲ, ಇಬ್ಬರ ಹೆಸರು ಬರೆದುಕೊಳ್ಳಿ. ಒಬ್ಬರು ಪೀಟರ್ ಎಂಗೆಲ್‌ಮನ್. 1851ರಲ್ಲಿ ಜರ್ಮನ್-ಇಂಗ್ಲಿಷ್ ಅಕಾಡೆಮಿ ಅಂತ ಶಾಲೆ ಶುರು ಮಾಡಿದರು. ಅವರಿಗೊಂದು ಹುಚ್ಚು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕಲ್ಲು, ಗಿಡ, ಹುಳ, ಹಕ್ಕಿ ಗೂಡು ಸಂಗ್ರಹಿಸುವುದು. ಆ ಸಂಗ್ರಹ ಬೆಳೆಯುತ್ತಾ ಬೆಳೆಯುತ್ತಾ ಶಾಲೆಯಲ್ಲಿ ಇಡಲು ಜಾಗ ಸಾಲದೆ, 1882ರಲ್ಲಿ ಊರಿಗೇ ಕೊಟ್ಟರು. ಅದೇ ಮಿಲ್ವಾಕಿ ಪಬ್ಲಿಕ್ ಮ್ಯೂಸಿಯಂ. ನಿಮ್ಮ ಮಗಳು ಅಲ್ಲಿಗೆ ಹೋಗಿಯೇ ಇರುತ್ತಾಳೆ. 1890ರಲ್ಲಿ ಕಾರ್ಲ್ ಏಕ್‌ಲಿ ಎಂಬಾತ ಅಲ್ಲಿ ನೀರಿಲಿಗಳ ಒಂದು ಗುಂಪನ್ನು ಅವುಗಳ ಬಿಲ, ನೀರು, ಹುಲ್ಲು ಸಮೇತ ಗಾಜಿನ ಹಿಂದೆ ಕಟ್ಟಿ ನಿಲ್ಲಿಸಿದ. ಪ್ರಾಣಿಯನ್ನು ಒಣಗಿಸಿ ಸ್ಟ್ಯಾಂಡಿನ ಮೇಲೆ ಇಡುವ ಕಾಲಕ್ಕೆ ಅದು ಹೊಸದು. ಒಬ್ಬ ಮೇಷ್ಟ್ರ ಹುಳ ಹಿಡಿಯೋ ಚಟ ಎಲ್ಲಿಗೆ ಬಂತು ನೋಡಿ.

ಇನ್ನೊಬ್ಬರು ಮಾಥಿಲ್ಡೆ ಆನೆಕೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದವರು. 1849ರಲ್ಲಿ ಗಂಡನ ಜೊತೆ ಕುದುರೆ ಹತ್ತಿ ದಂಗೆಯ ರಣರಂಗಕ್ಕೆ ಹೋದವರು. ಸೋತು ಮಿಲ್ವಾಕಿಗೆ ಬಂದು, 1852ರಲ್ಲಿ ಹೆಂಗಸರಿಗಾಗಿ ಜರ್ಮನ್ ಪತ್ರಿಕೆ ಹೊರಡಿಸಿದರು. ಅಚ್ಚುಕೂಟದ ಗಂಡಸರು ಹೆಂಗಸರು ಮೊಳೆ ಜೋಡಿಸಬಾರದು ಅಂತ ತಕರಾರು ತೆಗೆದರು. ರಾಜರ ವಿರುದ್ಧ ಬಂಡೆದ್ದವರ ಊರಲ್ಲೇ ಇದು! ಆಕೆ ಪತ್ರಿಕೆಯನ್ನು ಪೂರ್ವ ಕರಾವಳಿಗೆ ಹೊತ್ತುಕೊಂಡು ಹೋದರು. 1865ರಲ್ಲಿ ಮತ್ತೆ ಬಂದು ಮಿಲ್ವಾಕಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, 1884ರಲ್ಲಿ ತೀರಿಕೊಳ್ಳುವ ತನಕ ಹೆಂಗಸರ ಓಟಿನ ಹಕ್ಕಿಗೆ ದುಡಿದರು.

ಬಿಯರ್ ಬಗ್ಗೆ ಮಗು ಬರೆಯಬಾರದು ಅಂತೇನಿಲ್ಲ. ಕುಡಿಯುವ ಕಥೆ ಬಿಟ್ಟು ಐಸಿನ ಕಥೆ ಬರೆಯಲಿ. ಜರ್ಮನರು ತಂದದ್ದು ಲಾಗರ್ ಬಿಯರ್. ಅದು ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ ಹುದುಗಿ ಮಾಗಬೇಕು. ಫ್ರಿಜ್ ಇಲ್ಲದ ಕಾಲ. ಮಿಲ್ವಾಕಿಯಲ್ಲಿ ಚಳಿಗಾಲದಲ್ಲಿ ನದಿ, ಕೆರೆ ಹೆಪ್ಪುಗಟ್ಟುತ್ತವೆ, ಗರಗಸ ಹಿಡಿದು ಐಸ್ ಕತ್ತರಿಸಿ ನೆಲಮಾಳಿಗೆಯಲ್ಲಿ ತುಂಬಿದರೆ ಬೇಸಿಗೆ ಕಳೆಯುತ್ತದೆ. ಸುತ್ತ ಬಾರ್ಲಿ ಬೆಳೆಯುವ ರೈತರು, ಎದುರಿಗೆ ಹಡಗು ಹೋಗುವ ಮಿಶಿಗನ್ ಸರೋವರ. 1871ರಲ್ಲಿ ಶಿಕಾಗೋ ಸುಟ್ಟುಹೋಗಿ ಅಲ್ಲಿನ ಬ್ರೂವರಿಗಳು ಬೂದಿಯಾದಾಗ ಮಿಲ್ವಾಕಿಯ ಪೀಪಾಯಿಗಳು ದಕ್ಷಿಣಕ್ಕೆ ಹೊರಟವು. ಕುಟುಂಬಗಳ ಕಥೆಯೂ ಮಜವಾಗಿದೆ. ಫ್ರೆಡರಿಕ್ ಪಾಬ್ಸ್ಟ್ ಹಡಗಿನ ಕ್ಯಾಪ್ಟನ್, ಬ್ರೂವರಿಯವರ ಮಗಳನ್ನು ಮದುವೆಯಾದ. 1863ರಲ್ಲಿ ಅವನ ಹಡಗು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಅಪ್ಪಳಿಸಿತು, ಮರುವರ್ಷ ಮಾವನ ವ್ಯಾಪಾರಕ್ಕೆ ಸೇರಿದ. ಮನೆ ಅಳಿಯ ಅಂತ ನಗಬೇಡಿ, 1890ರ ದಶಕದ ಹೊತ್ತಿಗೆ ದೇಶದ ಅತಿ ದೊಡ್ಡ ಬ್ರೂವರಿಗಳಲ್ಲಿ ಅದು ಒಂದು. ಅತ್ತ ಜೋಸೆಫ್ ಶ್ಲಿಟ್ಸ್, ತೀರಿಕೊಂಡ ಯಜಮಾನನ ವಿಧವೆಯನ್ನು ಮದುವೆಯಾಗಿ ಬ್ರೂವರಿ ನಡೆಸಿ, 1875ರಲ್ಲಿ ಜರ್ಮನಿಯ ತಮ್ಮ ಊರಿಗೆ ಹೋಗುವಾಗ ಹಡಗು ಮುಳುಗಿ ಸತ್ತರು.

ಬಿಯರಿನ ದುಡ್ಡು ಬೇರೆ ಕಡೆಗೂ ಹರಿಯಿತು. 1895ರ ಪಾಬ್ಸ್ಟ್ ಥಿಯೇಟರ್ ಜರ್ಮನ್ ನಾಟಕಗಳಿಗಾಗಿಯೇ ಕಟ್ಟಿದ್ದು. ಊರಿಗೆ ‘ಜರ್ಮನ್ ಅಥೆನ್ಸ್’ ಅಂತ ಹೆಸರು ಬಿದ್ದದ್ದು ಇಂಥವುಗಳಿಂದ. 1880ರ ದಶಕದಲ್ಲಿ ಚಿತ್ರಗಾರರ ಒಂದು ದಂಡೇ ಜರ್ಮನಿಯಿಂದ ಬಂದು ಇಲ್ಲಿ ದೈತ್ಯ ಯುದ್ಧಚಿತ್ರಗಳನ್ನು ಬರೆಯಿತು. ಸಿನಿಮಾ ಇಲ್ಲದ ಕಾಲದ ಸಿನಿಮಾ ಅವು, ದುಂಡಗಿನ ಕಟ್ಟಡದೊಳಗೆ ನಿಂತು ಸುತ್ತ ತಿರುಗಿ ನೋಡಬೇಕು. ಅಟ್ಲಾಂಟಾದಲ್ಲಿ ಈಗಲೂ ಇರುವ ಅಟ್ಲಾಂಟಾ ಕದನದ ಚಿತ್ರ, ಸುಮಾರು 15 ಮೀಟರ್ ಎತ್ತರ, 100 ಮೀಟರ್‌ಗೂ ಜಾಸ್ತಿ ಉದ್ದ, ಮಿಲ್ವಾಕಿಯಲ್ಲಿ ಜರ್ಮನ್ ಕೈಗಳು ಬರೆದದ್ದು. ಹಾಗೇ ಟೈಪ್‌ರೈಟರ್. ಅದನ್ನು ಕಂಡುಹಿಡಿದ ಶೋಲ್ಸ್ ಜರ್ಮನ್ ಅಲ್ಲ, ಮಗಳು ತಪ್ಪು ಬರೆಯದಿರಲಿ. ಆದರೆ ಅವರು 1860ರ ದಶಕದಲ್ಲಿ ಕೆಲಸ ಮಾಡಿದ್ದು ಕ್ಲೈನ್‌ಸ್ಟಾಯ್‌ಬರ್ ಎಂಬ ಜರ್ಮನರ ವರ್ಕ್‌ಶಾಪಿನಲ್ಲಿ, ಕೈಕೆಲಸಕ್ಕೆ ಜೊತೆಯಾದದ್ದು ಶ್ವಾಲ್‌ಬಾಖ್ ಎಂಬ ಗಡಿಯಾರ ಮಾಡುವವರು. ಅವಳ ಲ್ಯಾಪ್‌ಟಾಪ್ ಕೀಲಿಮಣೆಯ ಅಕ್ಷರಗಳ ಸಾಲು ಹುಟ್ಟಿದ್ದು ಆ ಯಂತ್ರದಿಂದ.

ಈಗ ನನ್ನ ಮೆಚ್ಚಿನ ವಿಷಯ, ಒಳಚರಂಡಿ.

1910ರಲ್ಲಿ ಮಿಲ್ವಾಕಿಯ ಜನ ಎಮಿಲ್ ಸೈಡೆಲ್ ಎಂಬ ಮರಗೆಲಸದವರನ್ನು ಮೇಯರ್ ಮಾಡಿದರು. ಅಪ್ಪ ಅಮ್ಮ ಪೊಮೆರೇನಿಯಾದವರು, ತಾನು ಬರ್ಲಿನ್‌ಗೆ ಹೋಗಿ ಕಸುಬು ಕಲಿತವರು. ಅಮೆರಿಕದ ದೊಡ್ಡ ಊರೊಂದಕ್ಕೆ ಮೊದಲ ಸಮಾಜವಾದಿ ಮೇಯರ್. ಅದೇ ವರ್ಷ ವಿಕ್ಟರ್ ಬರ್ಗರ್ ಎಂಬ ಜರ್ಮನ್ ಮಾತಿನ ಆಸ್ಟ್ರಿಯಾದ ಮೇಷ್ಟ್ರು ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ ಗೆದ್ದರು, ಅಲ್ಲಿಗೆ ಹೋದ ಮೊದಲ ಸಮಾಜವಾದಿ. ಅಮೆರಿಕದಲ್ಲಿ ಸಮಾಜವಾದಿ ಮೇಯರ್ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ಆದರೆ ಟರ್ನರ್ ಸಂಘದಲ್ಲಿ ಸುಮಾರು ಅರವತ್ತು ವರ್ಷ ಭಾಷಣ ಕೇಳಿದ ಊರು ಅದು, ಜೊತೆಗೆ ಕಾರ್ಖಾನೆಯ ಸಂಘಗಳು, ಜೊತೆಗೆ ಹಿಂದಿದ್ದ ಮೇಯರ್ ಕಾಲದ ಲಂಚದ ನಾತ. ಮೂರೂ ಸೇರಿದವು. ಇವರು ಕ್ರಾಂತಿ ಮಾಡಲಿಲ್ಲ. ಲೆಕ್ಕ ಇಟ್ಟರು, ಪಾರ್ಕ್ ಮಾಡಿದರು, ನೀರು ಶುದ್ಧ ಮಾಡಿದರು, ಕೊಳವೆ ಹೂತರು. ಸೈಡೆಲ್ ನಂತರ ಡ್ಯಾನಿಯಲ್ ಹೋನ್ 1916ರಿಂದ 1940ರ ತನಕ, 24 ವರ್ಷ. ಆಮೇಲೆ ಜರ್ಮನ್ ಮೂಲದ ಫ್ರಾಂಕ್ ಜೈಡ್ಲರ್ 1948ರಿಂದ 1960. ಅವರದೇ ಪಕ್ಷದ ನ್ಯೂಯಾರ್ಕಿನ ನಾಯಕರು ಇವರನ್ನು ‘ಒಳಚರಂಡಿ ಸಮಾಜವಾದಿಗಳು’ ಅಂತ ಹಂಗಿಸಿದರು, ಸಿದ್ಧಾಂತ ಬಿಟ್ಟು ಸದಾ ಮೋರಿ ಬಗ್ಗೆ ಮಾತಾಡುತ್ತಾರೆ ಅಂತ. ಮಿಲ್ವಾಕಿಯವರು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡರು. 1926ರಿಂದ ಊರಿನ ಕೊಳಚೆಯ ಕೆಸರನ್ನು ಒಣಗಿಸಿ ಗೊಬ್ಬರ ಮಾಡಿ ಮಾರುತ್ತಿದ್ದಾರೆ, ಮಿಲೋರ್ಗನೈಟ್ ಅಂತ. ನಿಮ್ಮ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲೇ ಚೀಲ ಸಿಗುತ್ತದೆ. ಪ್ರಾಜೆಕ್ಟ್‌ಗೆ ಒಂದು ಹಿಡಿ ತಂದು ಗಾಜಿನ ಬಾಟಲಿಯಲ್ಲಿ ಇಡಲಿ. ಬೇರೆ ಯಾವ ಮಗುವೂ ತರುವುದಿಲ್ಲ, ಮೇಷ್ಟ್ರು ಮರೆಯುವುದೂ ಇಲ್ಲ.

ಭಾಷೆ ಎಲ್ಲಿ ಹೋಯಿತು ಅಂತ ಕೇಳಿದಿರಿ. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಲು ಒದ್ದಾಡುತ್ತಿರುವವರ ಪ್ರಶ್ನೆ ಇದು ಅಂತ ಅನಿಸಿತು.

ಅದು ತಾನಾಗಿ ಸ್ವಲ್ಪ ಹೋಯಿತು, ಓಡಿಸಿದ್ದರಿಂದ ಸ್ವಲ್ಪ ಹೋಯಿತು. 1889ರಲ್ಲಿ ವಿಸ್ಕಾನ್ಸಿನ್ ಸರ್ಕಾರ ಎಲ್ಲ ಶಾಲೆಗಳಲ್ಲೂ ಮುಖ್ಯ ಪಾಠಗಳು ಇಂಗ್ಲಿಷಿನಲ್ಲೇ ಇರಬೇಕು ಅಂತ ಬೆನೆಟ್ ಕಾಯ್ದೆ ತಂದಿತು. ಮಾಧ್ಯಮದ ಜಗಳ ನಮಗೆ ಹೊಸದಲ್ಲ ಅಲ್ವಾ? ಸದಾ ಮುಖ ತಿರುಗಿಸಿಕೊಂಡಿದ್ದ ಲೂಥರನ್ನರು ಮತ್ತು ಕ್ಯಾಥೊಲಿಕರು ಇದೊಂದಕ್ಕೆ ಕೈ ಜೋಡಿಸಿದರು. 1890ರ ಚುನಾವಣೆಯಲ್ಲಿ ಗವರ್ನರ್‌ನನ್ನೇ ಮನೆಗೆ ಕಳಿಸಿದರು, 1891ರಲ್ಲಿ ಕಾಯ್ದೆ ರದ್ದಾಯಿತು. ಅಷ್ಟು ಬಲ ಇತ್ತು. ಆದರೂ ಆ ಹೊತ್ತಿಗೆ ಮೊಮ್ಮಕ್ಕಳು ಬೀದಿಯಲ್ಲಿ ಇಂಗ್ಲಿಷ್ ಆಡುತ್ತಿದ್ದರು, ಹೊಸಬರು ಬರುವುದು ಕಮ್ಮಿಯಾಗಿತ್ತು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಮುಂದಿನ ಎರಡು ವರ್ಷದಲ್ಲಿ ಆದದ್ದು ಬಹಳ ವೇಗವಾಗಿ ಆಯಿತು. ಶಾಲೆಗಳಲ್ಲಿ ಸಾವಿರಾರು ಮಕ್ಕಳು ಕಲಿಯುತ್ತಿದ್ದ ಜರ್ಮನ್ ಪಾಠ ನಿಂತುಹೋಯಿತು. ಪಾಬ್ಸ್ಟ್ ಥಿಯೇಟರ್ ಎದುರು ಮೆಷಿನ್ ಗನ್ ತಂದಿಟ್ಟು ಜರ್ಮನ್ ನಾಟಕ ನಿಲ್ಲಿಸಿದರು. ಡಾಯ್ಚರ್ ಕ್ಲಬ್ ರಾತ್ರೋರಾತ್ರಿ ಅನ್ನುವ ಹಾಗೆ ವಿಸ್ಕಾನ್ಸಿನ್ ಕ್ಲಬ್ ಆಯಿತು. ಎಂಗೆಲ್‌ಮನ್ ಶಾಲೆಯ ಹೆಸರಿನಿಂದ ಜರ್ಮನ್ ಹೋಯಿತು. ಎಲೆಕೋಸಿನ ಉಪ್ಪಿನಕಾಯಿಗೂ ‘ಲಿಬರ್ಟಿ ಕ್ಯಾಬೇಜ್’ ಅಂತ ಹೊಸ ಹೆಸರು. ಬರ್ಗರ್ ಯುದ್ಧ ಬೇಡ ಅಂತ ಬರೆದದ್ದಕ್ಕೆ 20 ವರ್ಷ ಶಿಕ್ಷೆ ವಿಧಿಸಿದರು, ಕಾಂಗ್ರೆಸ್ ಅವರನ್ನು ಒಳಗೆ ಬಿಡಲಿಲ್ಲ. ಮಿಲ್ವಾಕಿಯವರು ಮರುಚುನಾವಣೆಯಲ್ಲಿ ಅವರನ್ನೇ ಮತ್ತೆ ಗೆಲ್ಲಿಸಿ ಕಳಿಸಿದರು, ಕಾಂಗ್ರೆಸ್ ಮತ್ತೆ ಬಾಗಿಲು ಹಾಕಿತು. 1921ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ತಳ್ಳಿಹಾಕಿದ ಮೇಲೆ ಮತ್ತೆ ಗೆದ್ದು ಒಳಗೆ ಹೋದರು. 1920ರಲ್ಲಿ ಪಾನನಿಷೇಧ ಬಂದು ಜನ ಕೂತು ಬಿಯರ್ ಕುಡಿಯುತ್ತಿದ್ದ ತೋಟಗಳೂ ಮುಚ್ಚಿದವು. ಪಾಬ್ಸ್ಟ್ ಕಂಪನಿ ಚೀಸ್ ಮಾಡಿ ಹೊಟ್ಟೆ ಹೊರೆಯಿತು.

ಮನೆಯೊಳಗೆ ಅಜ್ಜಿ ಮೊಮ್ಮಗುವಿಗೆ ಬೀದಿಯಲ್ಲಿ ಜರ್ಮನ್ ಮಾತಾಡಬೇಡ ಅಂತ ಹೇಳಿಕೊಡುವ ಕಾಲ ಬಂದಮೇಲೆ ಭಾಷೆ ಎಷ್ಟು ದಿನ ಉಳಿದೀತು? ಹಬ್ಬದ ಮೈದಾನದಲ್ಲಿ ನೀವು ನೋಡಿದ್ದನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ನಾಟಕ, ಪತ್ರಿಕೆ, ಶಾಲೆ, ವಾದವಿವಾದ ಎಲ್ಲ ಹೋದ ಮೇಲೆ ಯಾರಿಗೂ ಅನುಮಾನ ಬಾರದಂತೆ ಉಳಿದದ್ದು ಸಾಸೇಜು ಮತ್ತು ಬ್ಯಾಂಡು. ಈ ಜರ್ಮನ್ ಫೆಸ್ಟ್ ಶುರುವಾದದ್ದೇ 1981ರಲ್ಲಿ, ಹೆದರಿಕೆ ಪೂರಾ ಆರಿದ ಮೇಲೆ. ಡ್ಯಾಕ್ಸ್‌ಹುಂಡ್ ನಾಯಿಗಳ ಓಟ ಮಾತ್ರ ತಪ್ಪಿಸಿಕೊಳ್ಳಬೇಡಿ. ಇತಿಹಾಸಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ.

ಹೊಗಳಿಕೆ ಒಂದೇ ಆದರೆ ಮೇಷ್ಟ್ರು ಅಂಕ ಕಡಿಯುತ್ತಾರೆ. ಜರ್ಮನರು ಬರುವ ಮೊದಲು ಇದು ಪೊಟವಾಟಮಿ, ಮೆನೋಮಿನಿ ಜನರ ನೆಲ, ಊರಿನ ಹೆಸರು ಕೂಡ ಮೂಲನಿವಾಸಿಗಳ ಮಾತಿನದು. ಕಾರ್ಖಾನೆಗಳಲ್ಲಿ ಬೆವರು ಸುರಿಸಿದವರಲ್ಲಿ ದಕ್ಷಿಣ ಭಾಗದ ಪೋಲಿಷ್ ಜನ ಬಹಳ. 1930ರ ದಶಕದಲ್ಲಿ ಹಿಟ್ಲರನ ಅಭಿಮಾನಿಗಳ ಗುಂಪೊಂದು ಊರ ಹೊರಗೆ ಗ್ರಾಫ್ಟನ್‌ನಲ್ಲಿ ಮಕ್ಕಳ ಶಿಬಿರ ನಡೆಸುತ್ತಿತ್ತು. ಅವರನ್ನು ಎದುರಿಸಿದವರೂ ಇಲ್ಲಿನ ಜರ್ಮನ್ ಸಂಘಗಳೇ. ಆ ಜಾಗವನ್ನು ಗುತ್ತಿಗೆಗೆ ತೆಗೆದುಕೊಂಡು ಕಾರ್ಲ್ ಶುರ್ಟ್ಸ್ ಹೆಸರಿಟ್ಟರು. ಇದನ್ನು ಮಗಳು ಎರಡು ಸಾಲಿನಲ್ಲಿ ಬರೆದರೂ ಸಾಕು.

ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ವಾಟರ್‌ಟೌನ್‌ನಲ್ಲಿ ಆ ಕಿಂಡರ್‌ಗಾರ್ಟನ್ ನಡೆದ ಪುಟ್ಟ ಮನೆಯನ್ನು ಎಂಟು ಮೂಲೆಯ ದೊಡ್ಡ ಮನೆಯೊಂದರ ಅಂಗಳಕ್ಕೆ ತಂದಿಟ್ಟಿದ್ದಾರೆ. ವರ್ಷವಿಡೀ ತೆರೆದಿರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ವಾಪಸ್ ಬರುತ್ತಾ ಟರ್ನರ್ ಹಾಲ್, ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ 1880ರಿಂದ ಇರುವ ಉಸಿಂಗರ್ ಸಾಸೇಜ್ ಅಂಗಡಿ. ನೀವು ಸಸ್ಯಾಹಾರಿಗಳಾದರೆ ಕಿಟಕಿಯಿಂದ ನೋಡಿದರೂ ಆಯಿತು. ಕೊನೆಗೆ ಜರ್ಮೇನಿಯಾ ಕಟ್ಟಡಕ್ಕೆ ಹೋಗಿ. 1896ರಲ್ಲಿ ಜಾರ್ಜ್ ಬ್ರುಮ್ಡರ್ ಎಂಬ ಜರ್ಮನ್ ಪತ್ರಿಕೆಗಳ ಮಾಲೀಕರು ಕಟ್ಟಿಸಿದ್ದು. ತಲೆ ಎತ್ತಿ ನೋಡಿದರೆ ತಾಮ್ರದ ಗುಮ್ಮಟಗಳು, ಥೇಟ್ ಜರ್ಮನ್ ಚಕ್ರವರ್ತಿ ಕೈಸರನ ಸೈನಿಕರ ಮೊನೆ ಟೋಪಿಯ ಹಾಗೆ. ಬಾಗಿಲ ಮೇಲೆ, ನಮ್ಮ ಭಾರತಮಾತೆ ಇದ್ದ ಹಾಗೆ, ಜರ್ಮೇನಿಯಾ ದೇವಿಯ ಭಾರೀ ಕಂಚಿನ ಪ್ರತಿಮೆ ಇತ್ತು. 1918ರಲ್ಲಿ ಇಳಿಸಿದರು, ಆಮೇಲೆ ಅದು ಏನಾಯಿತೋ ಯಾರೂ ಕಂಡವರಿಲ್ಲ. ಅದು ನಿಂತಿದ್ದ ಜಾಗದ ಫೋಟೋ ಒಂದು ತೆಗೆದುಕೊಳ್ಳಲಿ, ಪ್ರಾಜೆಕ್ಟಿನ ಮುಖಪುಟಕ್ಕೆ ಆಗುತ್ತದೆ.